ಹನ್ನೊಂದು ದಿನದ ಅಕ್ಕ

೧೯೯೮ರ ಬೇಸಿಗೆಯ ಒಂದು ಸೋಮವಾರ, ಬೆಳಗ್ಗೆ ಹತ್ತೂವರೆಗೆ, ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಜನನ ಮರಣ ದಾಖಲೆಗಳ ಮೇಜಿನ ಮುಂದೆ ನಿಂತಿದ್ದೆ. ನನ್ನ ಬಲಕ್ಕೆ ಅವ್ವ, ಅವಳ ಹಿಂದೆ ಅವಳ ಅಕ್ಕ, ನನ್ನ ದೊಡ್ಡವ್ವ. ಮನೆತನದ ವಂಶವೃಕ್ಷ ಬರೆಯುತ್ತಿದ್ದ ನನಗೆ ಎಲ್ಲರ ಪತ್ರಗಳೂ ಬೇಕಿದ್ದವು. ಅವ್ವ ಚೊಚ್ಚಲ ಹೆರಿಗೆಗೆಂದು ಹಿರಿಯೂರಿನಿಂದ ಇಲ್ಲಿಯ ತವರಿಗೆ ಬಂದಿದ್ದಳು. ಮನೆಯಲ್ಲೇ ಹೆರಿಗೆಯಾಗಿ, ಎಚ್ಚರ ತಪ್ಪಿದವಳನ್ನು ಚಿತ್ರದುರ್ಗದ ಆಸ್ಪತ್ರೆಗೆ ಸಾಗಿಸಿದ್ದರು. ತಿಂಗಳಾದ ಮೇಲೆ, ಹೆಣ್ಣುಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತೆಂದು ಹೇಳಿದ್ದರು. ಅದರದೂ ಸಿಕ್ಕರೆ ಸಿಗಲಿ ಎಂದು ಕೇಳಿದ್ದೆ.

ಗುಮಾಸ್ತರು ಪುಸ್ತಕದ ಮೇಲೆ ಬೆರಳಿಟ್ಟರು. “ಮಗು ಹನ್ನೊಂದು ದಿನ ಬದುಕಿತ್ತಲ್ರೀ. ಹುಟ್ಟಿದ್ದೂ ಐತೆ, ಸತ್ತಿದ್ದೂ ಐತೆ. ಬರೆಸಿರೋರು ಈ ಅಮ್ಮನ ತಂದೇನೇ.”

ಅಜ್ಜ ಎರಡು ಸಲ ಚಾವಡಿಗೆ ಹೋಗಿ ತಪ್ಪದೆ ಬರೆಸಿದ್ದ. ಮಗಳಿಗೆ ಮಾತ್ರ ಹೇಳಿರಲಿಲ್ಲ.

ಅವ್ವ ಹಿಂದಕ್ಕೆ ತಿರುಗಿದಳು. “ಅಕ್ಕಾ, ಹನ್ನೊಂದು ದಿನ ಅದುಕ್ಕೆ ಹಾಲು ಯಾರು ಕೊಟ್ರು?”

“ನಾನೇ ಕಣೇ. ಮೇಕೆ ಹಾಲು, ಅರಳೆ ಬತ್ತಿ ಅದ್ದಿ ಬಾಯಿಗಿಟ್ಟೆ. ನೀನು ಉಳೀತೀಯೋ ಇಲ್ವೋ ಅನ್ನಂಗಿತ್ತು. ಆಮ್ಯಾಲೆ ಹೇಳಾಕೆ ಅಪ್ಪ ಬಿಡ್ಲಿಲ್ಲ.”

“ಅಳ್ತಿತ್ತಾ?”

“ಅಳ್ತಿತ್ತು. ಜೋರಾಗೇ ಅಳ್ತಿತ್ತು.”

ಅವ್ವ ಎರಡೂ ಪತ್ರಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಹಿರಿಯೂರು ಮುಟ್ಟುವವರೆಗೆ ನನ್ನ ಕೈಗೆ ಕೊಡಲಿಲ್ಲ.

ಅವ್ವ ಈಗಿಲ್ಲ. ಆ ಗುಮಾಸ್ತರೂ ತೀರಿಕೊಂಡರೆಂದು ಕೇಳಿದ್ದೇನೆ. ಅಂದು ಆ ಮೇಜಿನ ಮುಂದೆ ಇದ್ದವರಲ್ಲಿ ನನ್ನನ್ನು ಬಿಟ್ಟರೆ ಉಳಿದಿರುವವಳು ದೊಡ್ಡವ್ವ ಒಬ್ಬಳೇ. ಆ ಮಗುವಿನ ಮುಖ ನೋಡಿದವರಲ್ಲಿಯೂ ಅವಳೊಬ್ಬಳೇ ಬದುಕಿದ್ದಾಳೆ.