ಗೋಡೆಯಾಚೆಯ ಉತ್ತರ

ಟೈರ್ ಅಂಗಡಿಯ ಮೇಲಿನ ಟ್ಯೂಷನ್ ಕೋಣೆಯಲ್ಲಿ ಆಕೆ ಎಲ್ಲರಿಗೂ ಗ್ರಾಮರ್ ಅಕ್ಕ. ಇಂಗ್ಲಿಷಿನಲ್ಲಿ ಒಬ್ಬರು ಹೋದರೆ ಕ್ರಿಯಾಪದಕ್ಕೊಂದು ಬಾಲ, ಹಲವರು ಹೋದರೆ ಬಾಲವಿಲ್ಲ. ಇಷ್ಟನ್ನು ಮಕ್ಕಳ ತಲೆಗೆ ಇಳಿಸುವುದರಲ್ಲೇ ಆಕೆಯ ಅರ್ಧ ಆಯಸ್ಸು ಸವೆದಿತ್ತು. ಒಂದು ಬೆರಳೆತ್ತಿ "ಶೀ" ಎಂದರೆ ಮಕ್ಕಳು "ಗೋಸ್" ಎನ್ನಬೇಕು. ಅಂಗೈ ಬಿಚ್ಚಿ "ದೇ" ಎಂದರೆ "ಗೋ".

"ಅಕ್ಕಾ, ನನ್ನ ಟೈರುಗಳೂ ಗ್ರಾಮರ್ ಕಲಿತ್ಬಿಟ್ವು!" ಎಂದು ಅಂಗಡಿಯವನು ಕೆಳಗಿನಿಂದ ಕೂಗುತ್ತಿದ್ದ.

ಮೆಟ್ಟಿಲ ಮೇಲೆ ನಿಂತ ಹೆತ್ತವರು ಆ ಗದ್ದಲ ಕೇಳಿ ಹಿಗ್ಗುತ್ತಿದ್ದರು. ಇಂಗ್ಲಿಷ್ ವ್ಯಾಪಾರ ನಡೆಯುವುದೇ ಗದ್ದಲದ ಮೇಲೆ. ಅದರಲ್ಲಿ ಯಾವ ದನಿ ಎಲ್ಲಿಂದ ಬಂತೆಂದು ಯಾರು ನೋಡುತ್ತಾರೆ?

ಒಂದು ಶನಿವಾರ ಸಂಜೆ, ಮಕ್ಕಳೆಲ್ಲ ಹೋದ ಮೇಲೆ ಅಕ್ಕ ಬೋರ್ಡ್ ಒರೆಸುತ್ತಿದ್ದಳು. ಅಭ್ಯಾಸಬಲದಿಂದ ಬಾಯಿ ತಾನಾಗಿ "ಶೀ" ಎಂದಿತು.

"ಗೋಸ್."

ಡಸ್ಟರ್ ಕೈಜಾರಿತು. ಬೆಂಚುಗಳೆಲ್ಲ ಖಾಲಿ. ದನಿ ಬಂದದ್ದು ಗೋಡೆಯಿಂದ. ತೆಳ್ಳಗಿನ, ಒಣಗಿದ ದನಿ. ಅಕ್ಕ ಗೋಡೆಗೆ ಕಿವಿಯಿಟ್ಟಳು. ಗೋಡೆ ಸುಮ್ಮನಾಗಲಿಲ್ಲ. "ಗೋಸ್... ಗೋಸ್..." ಎನ್ನುತ್ತಲೇ ಇತ್ತು, ಯಾರೂ ಕೇಳದ ಪ್ರಶ್ನೆಗೆ.

ಟ್ಯೂಷನ್ ಮಾಲೀಕ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಏನ್ ಮೇಡಂ, ದೆವ್ವ ಕಂಡ್ರಾ? ಆ ಕಡೆ ಸ್ಟೋರ್ ರೂಮು. ಇಲಿ ಇರ್ಬೇಕು. ನಡೀರಿ, ಇನ್ನು ಸೋಮವಾರಾನೇ."

"ಇಲಿ ಇಂಗ್ಲಿಷ್ ಮಾತಾಡುತ್ತಾ ಸರ್?"

ಅಕ್ಕ ಹೋಗಿ ಸ್ಟೋರಿನ ಚಿಲಕ ಎಳೆದಳು. ಮುರಿದ ಬೆಂಚುಗಳ ನಡುವೆ ಮೊದಲ ಸಾಲಿನ ಪುಟ್ಟ ಹುಡುಗಿ, ಗೋಡೆಗೆ ಮುಖಮಾಡಿ, ಒಂದು ಬೆರಳೆತ್ತಿ ನಿಂತಿದ್ದಳು.

"ಓ!" ಎಂದ ಮಾಲೀಕ. "ತಪ್ಪು ಹೇಳಿದ್ಳು ಅಂತ ಕ್ಲಾಸಿಗೆ ಮುಂಚೆ ನಿಲ್ಸಿದ್ದೆ, ಮರ್ತೇ ಹೋಯ್ತು. ದೊಡ್ಡದು ಮಾಡ್ಬೇಡಿ. ನಿಮ್ಗೂ ಕೆಲ್ಸ ಬೇಕಲ್ವಾ?"

ಮರೆತನಂತೆ! ಮರೆಯುವುದು ಕೊಡೆಯನ್ನು. ಆದರೆ ಅಕ್ಕನನ್ನು ಚುಚ್ಚಿದ್ದು ಬೇರೆಯೇ. ಪಾಠದುದ್ದಕ್ಕೂ ಈ ಮಗು ಗೋಡೆಯಾಚೆಯಿಂದ ಎಲ್ಲರ ಜೊತೆ ಉತ್ತರ ಕೊಟ್ಟಿತ್ತು. ಆ ದನಿಗೂ ಸೇರಿಸಿ ಅಕ್ಕ ತಾನೇ "ವೆರಿ ಗುಡ್" ಎಂದಿದ್ದಳು.

"ಬಾ ಪುಟ್ಟಿ, ಮನೆಗೆ ಹೋಗೋಣ."

"ಗೋಸ್."

"ಅಮ್ಮ ಕಾಯ್ತಿರ್ತಾಳೆ ಕಣೇ."

"ಗೋಸ್."

ಅಕ್ಕ ಕೆಳಗಿನ ಟೈರ್ ಅಂಗಡಿಯವನ ಸ್ಕ್ರೂಡ್ರೈವರ್ ತಂದು, ಮಾಲೀಕನ ಕಣ್ಣೆದುರೇ ಚಿಲಕ ಬಿಚ್ಚಿದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚಿಲಕ. ಮಗುವಿನ ಮನೆಗೆ ಹೋಗಿ ಎರಡನ್ನೂ ತಾಯಿಗೆ ಒಪ್ಪಿಸಿದಳು.

"ಇದರ ಹಿಂದೆ ಇದ್ಳಮ್ಮ ನಿನ್ನ ಮಗಳು. ಈ ಕಡೆ ನಾನು ಪಾಠ ಮಾಡ್ತಿದ್ದೆ. ಪೊಲೀಸ್ ಸ್ಟೇಷನ್ನಿಗೆ ನಡಿ, ನಾನೇ ಹೇಳ್ತೀನಿ."

ಕೆಲಸ ಹೋಯಿತು. ಈಗ ಆಕೆ ತನ್ನ ಮನೆಯ ಜಗುಲಿಯಲ್ಲೇ ಪಾಠ ಹೇಳುತ್ತಾಳೆ. ಒಟ್ಟಿಗೆ ಕಿರುಚುವಂತಿಲ್ಲ, ಒಬ್ಬೊಬ್ಬರೇ ಹೇಳಬೇಕು. ಮಕ್ಕಳು ಹೋದ ಮೇಲೆ ಬೋರ್ಡ್ ಒರೆಸುವ ಮುನ್ನ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಾಳೆ.

ಕೆಲವು ಸಂಜೆ, ತುಂಬಾ ಹೊತ್ತು.