ತಂಬಿಗೆಯ ಹಾಡು

ನಮ್ಮ ವೈಭವ ಬೇಗಂಪೇಟೆಯಲ್ಲಿ ಕಿವಿಯ ಮಷೀನು ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ವಯಸ್ಸಾದವರ ಕಿವಿಗೆ ಸದ್ದು ಬಿಟ್ಟು, ಕೇಳಿಸಿತೇ, ಈಗ ಕೇಳಿಸಿತೇ ಎಂದು ತೆಲುಗಿನಲ್ಲೊಮ್ಮೆ ಉರ್ದುವಿನಲ್ಲೊಮ್ಮೆ ದಿನವಿಡೀ ವಿಚಾರಿಸುವುದೇ ಅವನ ನೌಕರಿ. ಸಂಜೆ ಮನೆಗೆ ಬಂದು ಬೆಡ್‌ರೂಮಿನ ಬಾಗಿಲು ಮುಂದೆ ಮಾಡಿದನೆಂದರೆ ಅವನು ಸಂಗೀತಗಾರ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ. ಒಂದು ಲ್ಯಾಪ್‌ಟಾಪು, ಮೊಳದುದ್ದದ ಕೀಬೋರ್ಡು, ಕಿವಿಗೆ ಹೆಡ್‌ಫೋನು. ಬಾಗಿಲ ಸಂದಿಯಲ್ಲಿ ಇಣುಕಿದವರಿಗೆ ಅವನು ತಲೆ ಕುಣಿಸುವುದಷ್ಟೇ ಕಾಣುತ್ತದೆ. ನಾನು ಅವನ ಅತ್ತೆ ಸುವರ್ಣಾ, ಅವನ ಅಪ್ಪ ಅಮೃತಪ್ಪನ ತಂಗಿ. ಅದೇ ಓಣಿಯಲ್ಲಿದ್ದೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಕಾಲೇಜಿಗೆ ಹೋಗುವಾಗಲೇ ಅವನು ಒಂದಿಷ್ಟು ಹಾಡು ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದ. ಕೇಳುತ್ತಿದ್ದವಳು ಒಬ್ಬಳೇ, ಅವನ ತಾಯಿ, ನನ್ನ ಅತ್ತಿಗೆ ಉಮಾಬಾಯಿ ವೈನಿ. ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಹಚ್ಚಿಕೊಳ್ಳುತ್ತಿದ್ದಳು. ಅದರಲ್ಲಿ ಒಂದು ಹಾಡನ್ನು ಸ್ಟೀಲಿನ ತಂಬಿಗೆಯನ್ನು ಚಮಚದಿಂದ ಬಾರಿಸಿ ಮಾಡಿದ್ದ. ಮಾತಿಲ್ಲ, ರಾಗವೂ ಅಷ್ಟಕ್ಕಷ್ಟೇ. ಆದರೆ ಕೇಳಿದವರ ಕಾಲು ಸುಮ್ಮನಿರುತ್ತಿರಲಿಲ್ಲ. ಅವನು ಅದಕ್ಕೇನೋ ಇಂಗ್ಲಿಷ್ ಹೆಸರಿಟ್ಟಿದ್ದ, ನಮಗೆಲ್ಲ ಅದು ತಂಬಿಗೆ ಹಾಡು.

ನಮ್ಮ ಕನ್ನಡ ಸಂಘದ ಹೆಂಗಸರು ಕೋಲಾಟ ಕಲಿತದ್ದು ಆ ಹಾಡಿಗೇ. ಸ್ಟೇಜು ಸಿಕ್ಕಿದ್ದು ಮಾತ್ರ ಜಗಳವಾಡಿದ ಮೇಲೆ. ಪ್ರತಿ ರಾಜ್ಯೋತ್ಸವಕ್ಕೂ ನಮ್ಮ ಪಾಲಿಗೆ ಬರುತ್ತಿದ್ದದ್ದು ಅಡುಗೆ ಮನೆ.

"ಸುವರ್ಣಮ್ಮ, ನೀವು ಉಪ್ಪಿಟ್ಟಿನ ಕಡೆ ನೋಡ್ಕೊಳ್ಳಿ, ಸ್ಟೇಜ್ ನಾವು ನೋಡ್ಕೊತೀವಿ" ಎಂದರು ಈ ಸಲದ ಸಭೆಯಲ್ಲೂ ಕಾರ್ಯದರ್ಶಿ ಸೀತಾರಾಮರು.

"ಈ ವರ್ಷ ಉಪ್ಪಿಟ್ಟು ನೀವು ತಿರುವ್ರಿ, ಸ್ಟೇಜ್ ನಮಗ ಬಿಡ್ರಿ" ಎಂದೆ ನಾನು. ಸಭೆ ನಕ್ಕಿತು, ಅವರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆದರೂ ಒಂದು ಷರತ್ತು ಹಾಕಿದರು: ಏನಾದರೂ ಎಡವಟ್ಟಾದರೆ ನಮ್ಮ ಸಮಯ ಅಂದು ಕರೆಸುವ ಜಾದೂಗಾರನಿಗೆ, ಮುಂದಿನ ವರ್ಷದಿಂದ ನಾವು ಮತ್ತೆ ಒಲೆಯ ಮುಂದೆ.

ಕಾರ್ಯಕ್ರಮ ಒಂದು ರವಿವಾರ ಸಂಜೆ. ಅಂದು ಬೆಳಿಗ್ಗೆ ಕೋಲುಗಳನ್ನು ಹಿಡಿದುಕೊಂಡು ಅಣ್ಣನ ಮನೆಗೆ ಹೋದೆ. ಕೊನೆಯದೊಂದು ಸಲ ಕುಣಿದು ನೋಡೋಣವೆಂದು ಗುಂಪಿನವರೆಲ್ಲ ಬಂದಿದ್ದರು. ವೈನಿ ಫೋನು ಒತ್ತಿದಳು, ಒತ್ತೇ ಒತ್ತಿದಳು. ಹಾಡು ಇಲ್ಲ.

"ವೈಭ್ಯಾ, ತಂಬಿಗಿ ಹಾಡು ಎಲ್ಲಿ ಹೋತೋ?"

"ಅದಾ? ತಗದ್ ಹಾಕೀನಿ ಅತ್ತಿ" ಎಂದ, ಹಲ್ಲುಜ್ಜುತ್ತಲೇ. "ನನ್ನ ಹೊಸಾ ಹಾಡು ಕೇಳಿದವರು ಹಳೇವೂ ಹುಡುಕಿ ಕೇಳಾಕತ್ತಾರ. ನಿನ್ನೆ ನಾನೂ ಕೂತು ಕೇಳಿದೆ. ಭಾಳ ಹೊಲಸ ಅದಾವ್ರಿ. ಬೀಟ್ ಸುದ್ದಾ ನೆಟ್ಟಗಿಲ್ಲ. ನಾಚಿಕಿ ಬಂತು, ಎಲ್ಲಾ ಅಳಿಸಿಬಿಟ್ಟೆ."

"ಹೊಲಸ ನಿನ್ನ ಮಾರಿ! ಸಂಜಿಕ ನಾವು ಕುಣಿಯೋದು ಅದರ ಮ್ಯಾಲೇನ!"

ಬ್ರಷ್ಷು ಬಾಯಲ್ಲೇ ನಿಂತಿತು. ಅವನಿಗೆ ಗೊತ್ತಿರಲಿಲ್ಲ. ಸ್ಟೇಜಿನ ಮೇಲೆ ತೋರಿಸಿಯೇ ಅವನನ್ನು ದಂಗುಬಡಿಸಬೇಕೆಂದು ನಾವೇ ಮುಚ್ಚಿಟ್ಟಿದ್ದೆವು. ಹಾಡು ಮಾಡಿದ ಹಳೆಯ ಕಂಪ್ಯೂಟರು ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಉಳಿದದ್ದು ತಾಲೀಮಿನ ಒಂದು ವಿಡಿಯೋ. ಅದರಲ್ಲಿ ಕೇಳಿಸುವುದು ಕೋಲಿನ ಸದ್ದು, ಅದರ ಮೇಲೆ ನನ್ನ ಬೈಗುಳ. ಹಾಡು ಎಲ್ಲೋ ಅಡಿಯಲ್ಲಿ ಕುಂಯ್ ಎನ್ನುತ್ತಿತ್ತು.

"ಚಿಂತಿ ಮಾಡಬ್ಯಾಡ್ರಿ, ಈಗ ಮಾಡಿ ಕೊಡತೀನಿ. ಮೊದಲಿನದಕ್ಕಿಂತ ಚಂದ ಮಾಡತೀನಿ" ಎಂದು ಬಾಗಿಲು ಹಾಕಿಕೊಂಡ.

ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಮಾಡಿದ್ದ. ನೆಲ ಗುಂಯ್‌ಗುಡುತ್ತಿತ್ತು. ಸೋಫಾ ಸರಿಸಿ, ಸೆರಗು ಬಿಗಿದು ಶುರು ಮಾಡಿದೆವು. ಮೊದಲನೆಯ ಸುತ್ತಿನ ಕೊನೆಗೇ ಗದ್ದಲವೆದ್ದಿತು. ಒಬ್ಬರ ಕೋಲು ಇನ್ನೊಬ್ಬರ ಬೆರಳಿಗೆ ಬಿತ್ತು. ವೈನಿಯ ಬಳೆ ಚೂರಾದವು. ನಾನು ತಿರುಗುವಷ್ಟರಲ್ಲಿ ನನ್ನ ಜೋಡಿ ಕುಮುದಾ ನನ್ನ ಬೆನ್ನಿಗೇ ಬಾರಿಸಿದಳು. ಮೈಸೂರಿನ ಹುಡುಗಿ, ಮಣಿಕೊಂಡದಿಂದ ಬರುತ್ತಾಳೆ, ಬಹಳ ಮೆತ್ತಗೆ ಮಾತಾಡುವವಳು.

"ಅಯ್ಯೋ ಸಾರಿ ಸುವರ್ಣಮ್ಮ! ನಾವು ತಿರುಗೋಕೆ ಮುಂಚೇನೇ ಏಟು ಬಂದ್‌ಬಿಡ್ತಿದೆ."

"ವಿಡಿಯೋದಾಗ ನೀವೆಲ್ಲಾರೂ ಸುತ್ತಿನ ಕಡೀಕ ತಡಾ ಮಾಡತಿದ್ರಿ" ಎಂದ ವೈಭವ, ದೊಡ್ಡ ಉಪಕಾರ ಮಾಡಿದವನಂತೆ. "ಅದನ್ನ ನಾ ಸರಿ ಮಾಡೀನಿ."

"ನಮ್ಮನ್ನ ಸರಿ ಮಾಡ್ಯಾನಂತ! ಬಂದ್ ಮಾಡು ನಿನ್ನ ಡಬ್ಬಿ. ಅಲ್ಲಿ ಕೂತು ಕಣ್ಣು ಬಿಟ್ಟು ನೋಡು."

ಹಾಡಿಲ್ಲದೇ ಕುಣಿದೆವು. ಸುತ್ತು ಮುಗಿಯುವಾಗ ಎಲ್ಲರ ಕೈಗಳೂ ಒಟ್ಟಿಗೆ ಮೇಲೆ ನಿಂತವು, ಆ ಸಂದಿನಲ್ಲಿ ಎಲ್ಲರೂ ತಿರುಗಿದೆವು, ಆಮೇಲೆ ಕೋಲುಗಳು ಒಂದೇ ಏಟಾಗಿ ಬಿದ್ದವು. ಮತ್ತೊಂದು ಸುತ್ತು, ಮತ್ತೆ ಹಾಗೆಯೇ.

"ಎಲ್ಲಾರೂ ಒಂದ ಜಾಗಾದಾಗ ನಿಲ್ಲತೀರಿ" ಎಂದ ಮೆಲ್ಲಗೆ.

"ನಿನ್ನ ಹಾಡ ಅಲ್ಲಿ ನಿಲ್ಲತಿತ್ತೋ ಹುಚ್ಚಪ್ಪಾ! ಅದಕ್ಕ ನಾವು ಅಲ್ಲಿ ತಿರುಗೋದು ಕಲತೀವಿ."

ಪಾಪ, ಮುಖ ಸಣ್ಣಗಾಯಿತು. ಲ್ಯಾಪ್‌ಟಾಪಿನ ಮುಂದೆ ಕೂತು ಆ ಸಂದನ್ನು ಮತ್ತೆ ತುರುಕಲು ನೋಡಿದ. ಒಮ್ಮೆ ಗಿಡ್ಡವಾಯಿತು, ಒಮ್ಮೆ ಉದ್ದವಾಯಿತು. ಅಳತೆ ಸರಿಬಂದಾಗಲೂ ಕಾಲು ಎದ್ದೇಳಲಿಲ್ಲ. ಮಧ್ಯಾಹ್ನವಾಗುತ್ತ ಬಂತು. ಸೀತಾರಾಮರ ಫೋನು ಬಂತು. ಎಲ್ಲ ರೆಡಿ ಎಂದು ಜೋರಾಗಿ ಹೇಳಿ ಇಟ್ಟೆ. ಮುಂದಿನ ವರ್ಷದ ಉಪ್ಪಿಟ್ಟಿನ ಒಗ್ಗರಣೆ ಈಗಲೇ ಮೂಗಿಗೆ ಬಡಿಯತೊಡಗಿತ್ತು.

"ಅಲ್ಲೋ, ಆವಾಗ ಅಲ್ಲೇ ಯಾಕ ಕೈ ನಿಲ್ಲಿಸಿದ್ದಿ? ನೆನಪ ಮಾಡಿಕೋ" ಎಂದಳು ವೈನಿ.

ಅವನು ಅಡುಗೆ ಮನೆಯಿಂದ ತಂಬಿಗೆ ತಂದು ಚಮಚದಿಂದ ಒಂದು ಸುತ್ತು ಬಾರಿಸಿ ನೋಡಿದ. ಆಮೇಲೆ ನಗತೊಡಗಿದ. "ಅಪ್ಪ" ಎಂದ. "ಅಪ್ಪನ ಗೊರಕಿ!"

ಆಗ ಅಣ್ಣನಿಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಗಾದ ಮೇಲೆ ಬಸ್ಸಿಳಿದು ಬಂದು, ಉಂಡು ಮಲಗುತ್ತಿದ್ದ. ಆಗಿನ ಮನೆಗೆಲ್ಲ ಒಂದೇ ಕೋಣೆ, ಅದರ ಮೂಲೆಯಲ್ಲಿಯೇ ಕಂಪ್ಯೂಟರು. ಅಪ್ಪ ಮಂಚದ ಮೇಲೆ, ಮಗ ನೆಲದ ಮೇಲೆ. ಮೈಕಿನ ಮುಂದೆ ತಂಬಿಗೆ ಇಟ್ಟು ಮೆತ್ತಗೆ ಬಾರಿಸುತ್ತಿದ್ದ. ಗೊರಕೆ ಎದ್ದಾಗ ಕೈ ತಡೆಯುತ್ತಿದ್ದ, ಇಳಿದ ಮೇಲೆ ಮತ್ತೆ ಬಾರಿಸುತ್ತಿದ್ದ. ಆಮೇಲೆ ಗೊರಕೆಯ ಸದ್ದು ಅಳಿಸಿ ಸಂದನ್ನಷ್ಟೇ ಉಳಿಸಿದ್ದನಂತೆ. ನಾವು ತಿರುಗುತ್ತಿದ್ದದ್ದು ನಮ್ಮಣ್ಣನ ಗೊರಕೆಯೊಳಗೆ! ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಹಂಗಾರ ತಡಾ ಯಾಕ? ಅಣ್ಣನ್ನ ಮಲಗಸ್ರಿ!" ಎಂದೆ.

ಅಣ್ಣ ರಿಟೈರಾದವನು, ಸಂಜೆಯ ಕಾರ್ಯಕ್ರಮಕ್ಕೆಂದು ಅಂಗಿಗೆ ಇಸ್ತ್ರಿ ಮಾಡುತ್ತಿದ್ದ. ಇಸ್ತ್ರಿಪೆಟ್ಟಿಗೆ ಕಸಿದುಕೊಂಡು ಊಟಕ್ಕೆ ಕೂಡಿಸಿದೆವು. ವೈನಿ ಮೊಸರನ್ನದ ಮೇಲೆ ಮೊಸರನ್ನ ಬಡಿಸಿದಳು. ಮಂಚದ ಮೇಲೆ ಮಲಗಿಸಿ ಕರ್ಟನ್ ಎಳೆದೆವು. ಕುಮುದಾ ಫ್ಯಾನು ಹಚ್ಚಿದಳು, ಮೈಕಿಗೆ ಗಾಳಿ ಬಡಿಯುತ್ತದೆಂದು ವೈಭವ ಆರಿಸಿದ. ಬಾಗಿಲ ಬಳಿ ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಅಣ್ಣ ಆ ಮಗ್ಗುಲಾದ, ಈ ಮಗ್ಗುಲಾದ. ಒಂದು ಕಣ್ಣು ತೆರೆದು ನಮ್ಮನ್ನು ನೋಡಿದ.

"ನಿದ್ದಿ ಬರವಲ್ದು" ಎಂದ.

"ಅಣ್ಣಾ, ಇಷ್ಟು ವರ್ಷ ಬಿದ್ದು ಮಲಗಿದಿ, ಇವತ್ತೊಂದಿನ ಮಲಗಾಕ ಏನ್ ಧಾಡಿ ನಿನಗ?"

ಅಣ್ಣ ಎದ್ದು ಕೂತ. "ಆವಾಗೂ ನಿದ್ದಿ ಬರತಿದ್ದಿಲ್ಲವಾ ಸುವರ್ಣಾ. ಪಾಳಿ ಮುಗಿಸಿ ಬಂದ್ರ ಭಾಳ ಹೊತ್ತು ಕಣ್ಣ ಹತ್ತತಿದ್ದಿಲ್ಲ."

"ಮತ್ತ ಗೊರಕಿ?" ಎಂದ ವೈಭವ.

"ನಾ ಎಚ್ಚರ ಅದೀನಿ ಅಂತ ಗೊತ್ತಾದ್ರ ನೀ ಎಲ್ಲಾ ಎತ್ತಿಟ್ಟು ಹೊರಗ ಹೋಗತಿದ್ದಿ. ಒಂದೆರಡ ಸಲ ಹಂಗ ಆಗಿತ್ತು. ಆಮ್ಯಾಲ ನಾ ಕಣ್ಣ ತೆರೀಲೇ ಇಲ್ಲ. ನಿನ್ನ ಕೈ ನಿಂತಿತಂದ್ರ, ಇವಗ ತಿಳೀತು ಅಂತ ಗಾಬರಿ. ಲಗೂನ ಒಂದು ಗೊರಕಿ ಹೊಡೀತಿದ್ದೆ. ನೀ ಮತ್ತ ಬಾರಸತಿದ್ದಿ."

"ನೀವು ಗೊರಕಿ ಹೊಡೀತೀರಿ ಅಂತ ನಾ ಕೈ ನಿಲ್ಲಸತಿದ್ದೆ!"

"ನೀ ನಿಲ್ಲಸತಿ ಅಂತ ನಾ ಹೊಡೀತಿದ್ದೆ."

ಬಾಗಿಲಲ್ಲಿದ್ದ ನಮಗೆ ನಗು ತಡೆಯಲಾಗಲಿಲ್ಲ. ವೈಭವ ಮಾತ್ರ ನಗಲಿಲ್ಲ. ತಂಬಿಗೆ ಹಿಡಿದುಕೊಂಡು ಹಾಗೆಯೇ ನೆಲದ ಮೇಲೆ ಕೂತಿದ್ದ.

"ಹಾಡು ಚಲೋ ಇತ್ತಲೇ" ಎಂದ ಅಣ್ಣ. "ಯಾಕ ತಗದಿ?"

"ಚಲೋ ಐತಿ ಅಂತ ಆವಾಗ ಯಾಕ ಹೇಳಲಿಲ್ರಿ ಅಪ್ಪಾ?"

"ಮಲಗಿದಾಂವ ಹೆಂಗ ಹೇಳಲಿ?"

ವೈನಿ ಸೆರಗಿನಿಂದ ಮೂಗೊರೆಸಿಕೊಂಡಳು. ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. "ಬಾರಸು" ಎಂದ. ವೈಭವ ಮೈಕು ಹಚ್ಚಿ ಚಮಚ ಎತ್ತಿದ. ಟಣ್ ಟಣ್ ಎಂದು ಒಂದು ಸುತ್ತು ಬಂತು, ಸುತ್ತಿನ ಕೊನೆಗೆ ಕೈ ತಡೆಯಿತು, ಮಂಚದಿಂದ ಘುರ್ ಎಂದು ಎದ್ದಿತು, ಇಳಿಯಿತು, ಟಣ್! ಬಾಗಿಲಲ್ಲಿಯೇ ನಮ್ಮ ಕಾಲು ತಿರುಗಿದವು. ಅಳತೆ ಯಾರೂ ನೋಡಲಿಲ್ಲ.

ಸಂಜೆ ಸ್ಟೇಜಿನ ಮೇಲೆ ಒಂದು ಕೋಲೂ ತಪ್ಪಲಿಲ್ಲ. ಗೊರಕೆಯನ್ನು ಅಳಿಸಬೇಡವೆಂದು ನಾನೇ ಹಟ ಹಿಡಿದಿದ್ದೆ. ಮೊದಲ ಸಲ ಅದು ಸ್ಪೀಕರಿನಲ್ಲಿ ಗುಡುಗಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿದರು, ಎರಡನೆಯ ಸಲ ನಕ್ಕರು, ಮೂರನೆಯ ಸಲಕ್ಕೆ ಅದು ಬರಲೆಂದೇ ಕಾಯತೊಡಗಿದರು. ಜಾದೂಗಾರ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಸೀತಾರಾಮರ ಕೈಯಲ್ಲಿ ಉಪ್ಪಿಟ್ಟಿನ ಸೌಟು ಹಾಗೆಯೇ ಇತ್ತು. ವೈಭವ ಸ್ಪೀಕರಿನ ಬಳಿ ಲ್ಯಾಪ್‌ಟಾಪು ಹಿಡಿದು ನಿಂತಿದ್ದ, ಕಣ್ಣು ಮಾತ್ರ ಮುಂದಿನ ಸಾಲಿನ ಮೇಲೆ. ತಿರುಗುತ್ತ ನಾನೂ ಅತ್ತ ನೋಡಿದೆ. ಅಣ್ಣ ಇಸ್ತ್ರಿ ಅಂಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಹತ್ತಿತೇನೋ ಎಂದು ಪಕ್ಕದವರು ಮೊಣಕೈಯಿಂದ ತಿವಿದರು. ಹಾಡು ಮುಗಿಯುವವರೆಗೂ ಅಣ್ಣ ಕಣ್ಣು ತೆರೆಯಲಿಲ್ಲ.