ಉಗಿಸಿಕೊಳ್ಳಲು ಹೋದ ಶುಕ್ರವಾರಗಳು

ಯಾರಿಂದಲೋ ಉಗಿಸಿಕೊಂಡು ಬಂದೆವು ಎಂದರೆ ಮಾನ ಹೋಯಿತು ಎಂದೇ ನಮ್ಮಲ್ಲಿ ಅರ್ಥ. ಆದರೆ ಕಳೆದ ಚಳಿಗಾಲದಲ್ಲಿ ನಾನೂ ನಮ್ಮ ಮನೆಯವರೂ ಉಗಿಸಿಕೊಳ್ಳುವ ಆಸೆಯಿಂದಲೇ ಶುಕ್ರವಾರ ಬಂತೆಂದರೆ ಕುವೈತಿನ ಅಬ್ಬಾಸಿಯಾದಿಂದ ಊರಾಚೆಯ ಕಬ್ದ್‌ಗೆ ಕಾರು ಓಡಿಸುತ್ತಿದ್ದೆವು. ಉಗಿಯಬೇಕಾಗಿದ್ದವಳು ನಮ್ಮ ಅಲ್ಪಾಕಾ.

ಅಲ್ಪಾಕಾ ಒಂಟೆಯ ದೂರದ ನೆಂಟ. ಉದ್ದ ಕತ್ತು, ಮೈತುಂಬ ಮೆತ್ತನೆಯ ಉಣ್ಣೆ, ಹಣೆಯ ಮೇಲೆ ಬಾಚಣಿಗೆ ಕಾಣದ ಜುಟ್ಟು. ದಕ್ಷಿಣ ಅಮೆರಿಕದ ತಣ್ಣನೆಯ ಬೆಟ್ಟಗಳ ಈ ಪ್ರಾಣಿಯನ್ನು ಕುವೈತಿನ ಮರಳಿಗೆ ತರಿಸಿದವರು ನಮ್ಮವರ ಕಫೀಲ್, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಕುವೈತಿ ಧಣಿ. ನಮ್ಮವರು ಸಬ್ಹಾನ್‌ನಲ್ಲಿರುವ ಅವರ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾರೆ. ಕಬ್ದ್‌ನಲ್ಲಿ ಕಫೀಲರದ್ದೊಂದು ದೊಡ್ಡಿಯಿದೆ, ಕುರಿ ಒಂಟೆಗಳದ್ದು. ಅಲ್ಲಿಗೆ ಒಮ್ಮೆ ಊಟಕ್ಕೆ ಕರೆದಾಗ ಬೇಲಿಯಾಚೆ ನಿಂತಿದ್ದ ಅಲ್ಪಾಕಾಗಳನ್ನು ಕಂಡು ನನಗೆ ಹುಚ್ಚೇ ಹಿಡಿಯಿತು. ಉಣ್ಣೆಗೆ ಬೆಲೆ ಇದೆ, ಮರಿಗೆ ಅದಕ್ಕಿಂತ ಬೆಲೆ ಇದೆ ಎಂದು ಕಫೀಲ್ ಹೇಳುತ್ತಿದ್ದರು. ಕಾರು ಬದಲಾಯಿಸಲು ಕೂಡಿಟ್ಟದ್ದರಲ್ಲಿ ಒಂದು ಹೆಣ್ಣನ್ನು ಕೊಳ್ಳೋಣ ಎಂದು ನಾನೇ ಹಟ ಹಿಡಿದೆ. ಕಫೀಲ್ ನಕ್ಕು ಒಪ್ಪಿದರು. ಪ್ರಾಣಿ ನಮ್ಮದು, ದೊಡ್ಡಿ ಅವರದು, ಹುಟ್ಟುವ ಮರಿಗಳಲ್ಲಿ ಸಮಪಾಲು ಎಂದು ಮಾತಾಯಿತು.

ಯಾಕಷ್ಟು ಹಟ ಎಂದು ಕೇಳಿದರೆ ನೇರವಾಗಿಯೇ ಹೇಳುತ್ತೇನೆ. ಈ ದೇಶದಲ್ಲಿ ನನ್ನದು ಎನ್ನುವುದು ಒಂದೂ ಇರಲಿಲ್ಲ. ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಇವರ ಕೆಲಸ ನಂಬಿಕೊಂಡಿದೆ, ಇವರದು ಕಫೀಲರನ್ನು. ಫ್ಲ್ಯಾಟು, ಕಾರು, ಕೊನೆಗೆ ನನ್ನ ಫೋನಿನ ಸಿಮ್ಮು ಕೂಡ ಇವರ ಹೆಸರಿನಲ್ಲೇ. ಹಾಗಿರುವಾಗ ಆ ಕಂದು ಬಣ್ಣದ ಮೊಂಡಿ ಬೇಲಿಯ ಮೇಲಿಂದ ಕತ್ತು ಚಾಚಿ ನನ್ನ ಅಂಗೈಯಿಂದ ಹುಲ್ಲು ತಿಂದಳು. ಇವಳು ನನ್ನವಳು ಎಂದುಕೊಂಡಾಗ ಎದೆ ಉಬ್ಬಿ ಬಂತು.

ಪಕ್ಕದ ಫ್ಲ್ಯಾಟಿನ ಬ್ಯಾರಿ ಅಕ್ಕನಿಗೆ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ತಿನ್ಲಿಕ್ಕೆ ಆಗ್ತದಾ ಇದನ್ನು?"

"ಇಲ್ಲ ಅಕ್ಕ."

"ಹಾಲು ಕರೀಲಿಕ್ಕೆ?"

"ಅದೂ ಇಲ್ಲ."

"ಮತ್ತೆ ಎಂತಕ್ಕೆ ಮಾರಾಯ್ತಿ? ಈ ಬಿಸಿಲಿನ ಊರಿನಲ್ಲಿ ಕಂಬಳಿ ಹೊದಿಲಿಕ್ಕಾ?"

ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆನೋವು ಬಂತು. ಆದರೆ ನಗುವ ಕಾಲ ಬೇಗ ಮುಗಿಯಿತು. ಕಫೀಲರ ಹೆಣ್ಣು ಅಲ್ಪಾಕಾಗಳು ಒಂದೂ ಗರ್ಭ ಕಟ್ಟಲಿಲ್ಲ. ಬಿಸಿಲೇರಿದರೆ ಗಂಡಿನ ಕಸುವು ಉಡುಗುತ್ತದೆ, ಆಮೇಲೆ ಮುಂದಿನ ಚಳಿಗಾಲವೇ ಗತಿ. ನಮ್ಮವಳೂ ಗಬ್ಬವಾಗದಿದ್ದರೆ ಎಲ್ಲವನ್ನೂ ಒಟ್ಟಿಗೆ ಮಾರಿಬಿಡುತ್ತೇನೆ ಎಂದು ಕಫೀಲ್ ಹೇಳಿಬಿಟ್ಟರು. ಅಲ್ಪಾಕಾ ಒಂಟಿಯಾಗಿ ಬದುಕುವ ಜಾತಿಯಲ್ಲ. ಅವರ ಮಂದೆ ಹೋದರೆ ನನ್ನವಳೂ ಹೋಗಲೇಬೇಕು.

ಗಬ್ಬವೋ ಅಲ್ಲವೋ ಎಂದು ತಿಳಿಯುವ ಒಂದು ಉಪಾಯವನ್ನು ವೀಡಿಯೊಗಳಲ್ಲಿ ನೋಡಿ ಕಲಿತಿದ್ದೆ. ಗಂಡಿನ ಜತೆ ಬಿಟ್ಟು ಒಂದು ವಾರ ಕಳೆದ ಮೇಲೆ ಅದೇ ಗಂಡನ್ನು ಮತ್ತೆ ಎದುರಿಗೆ ತರಬೇಕು. ಹೊಟ್ಟೆ ಖಾಲಿ ಇದ್ದರೆ ಹೆಣ್ಣು ಅದರ ಮುಂದೆ ಮಂಡಿಯೂರಿ ಕೂರುತ್ತದೆ. ಗಬ್ಬವಾಗಿದ್ದರೆ ಹತ್ತಿರಕ್ಕೂ ಸೇರಿಸುವುದಿಲ್ಲ, ಮುಖಕ್ಕೇ ಉಗಿಯುತ್ತದೆ.

ಮೊದಲ ಶುಕ್ರವಾರ ಗಂಡು ಗಂಟಲಲ್ಲಿ ಉಪ್ಪುನೀರು ಮುಕ್ಕಳಿಸಿದ ಹಾಗೆ ಗಳಗಳ ಸದ್ದು ಮಾಡುತ್ತ ಬಂತು. ನಮ್ಮವಳು ತೆಪ್ಪಗೆ ಕೂತುಬಿಟ್ಟಳು.

"ನೋಡು, ಎಷ್ಟು ಪಾಪದ್ದು! ಉಗಿಲಿಲ್ಲ, ಎಂತ ಇಲ್ಲ. ಅತ್ತೆಗೆ ಫೋನ್ ಮಾಡುವ, ಒಳ್ಳೆ ಸುದ್ದಿ ಅಂತ," ಎಂದು ಇವರು ಆಗಲೇ ಜೇಬಿಗೆ ಕೈ ಹಾಕಿದ್ದರು.

"ಫೋನ್ ಒಳಗೆ ಇಡಿ ಮಾರಾಯ್ರೆ! ಕೂತರೆ ಇಲ್ಲ ಅಂತ. ಉಗಿದರೆ ಮಾತ್ರ ಉಂಟು ಅಂತ. ಎಷ್ಟು ಸಲ ಹೇಳುದು ನಿಮಗೆ?"

ಪಾಪ, ಇವರ ಮುಖ ಇಷ್ಟು ಸಣ್ಣಗಾಯಿತು. ಅಳಿಯನಾಗಿ ಮೊದಲ ಸಲ ನನ್ನ ಅಮ್ಮನಿಗೆ ಖುಷಿಯ ಸುದ್ದಿ ಕೊಡುವ ಅವಕಾಶವನ್ನು ನಾನು ತಪ್ಪಿಸಿದೆನಂತೆ! ಎರಡನ್ನೂ ಮತ್ತೆ ಒಟ್ಟಿಗೆ ಬಿಟ್ಟು ಬಂದೆವು.

ಎರಡನೆಯ ಶುಕ್ರವಾರ ಅವಳು ಕೂರಲೂ ಇಲ್ಲ, ಉಗಿಯಲೂ ಇಲ್ಲ. ಸುಮ್ಮನೆ ಬೆನ್ನು ತಿರುಗಿಸಿ ನೀರಿನ ತೊಟ್ಟಿಯ ಕಡೆ ನಡೆದಳು. ನಾನು ಬೇಲಿ ಹಿಡಿದು, "ಒಮ್ಮೆ ಉಗಿ ಮಾರಾಯ್ತಿ, ನಿನಗೆ ಎಂತ ಬೇಕಾದ್ರೂ ಕೊಡ್ತೇನೆ," ಎಂದು ಗೋಗರೆದೆ. ದೊಡ್ಡಿ ಕಾಯುವ ಸುಡಾನಿನವನು ನನ್ನನ್ನು ವಿಚಿತ್ರವಾಗಿ ನೋಡಿದ.

ಮೂರನೆಯ ಶುಕ್ರವಾರ ಹೋದಾಗ ಬೇಲಿಯ ಹತ್ತಿರ ಕಫೀಲ್ ತಾವೇ ನಿಂತಿದ್ದರು. ಜತೆಗೆ ಅವರ ಗೆಳೆಯರೊಬ್ಬರು. ಮಕ್ಕಳು ನೋಡಲು ಬರುವ ತಮ್ಮ ತೋಟಕ್ಕಾಗಿ ಇಡೀ ಮಂದೆಯನ್ನೇ ಕೊಳ್ಳಲು ಬಂದಿದ್ದವರು.

"ಆಜ್ ಬೈಠ್ ಗಯಾ ತೋ ಖಲಾಸ್," ಎಂದು ಕಫೀಲ್ ಇವರಿಗೆ ಹೇಳಿದರು. ಇವತ್ತು ಕೂತರೆ ಮುಗಿಯಿತು ಎಂದು. ನಾನು ಇವರ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

"ಯಲ್ಲಾ!" ಎಂದು, ಇನ್ನು ಬಿಡು ಎನ್ನುವಂತೆ, ಕಫೀಲ್ ಕೂಗಿದರು. ಸುಡಾನಿನವನು ಗಂಡನ್ನು ಬಿಟ್ಟ. ಅದು ಗಳಗಳ ಎನ್ನುತ್ತ ನೇರ ಬಂತು. ನಮ್ಮವಳು ಮುಂಗಾಲು ಮಡಚಿದಳು. ಅಯ್ಯೋ, ಹೋಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಇವರು ಭುಜ ಅಲುಗಿಸಿ, "ಏ, ನೋಡು ನೋಡು!" ಎಂದರು. ಕಣ್ಣು ಬಿಟ್ಟರೆ ಅವಳು ಬಗ್ಗಿದ್ದು ಬೇಲಿಯಡಿಗೆ ಬಿದ್ದಿದ್ದ ಹಸಿಹುಲ್ಲಿಗೆ. ಅದನ್ನು ಬಾಯಿಗೆ ಹಾಕಿಕೊಂಡೇ ತಲೆ ಎತ್ತಿದಳು. ಕಿವಿ ಹಿಂದಕ್ಕೆ ಹೋಯಿತು, ಗದ್ದ ಮೇಲಕ್ಕೆ ಹೋಯಿತು.

ಥೂ ಎಂದರೆ ಅದು ಥೂ! ಅರೆದ ಹುಲ್ಲು ಹಸಿರು ಹಸಿರಾಗಿ ಗಂಡಿನ ಮುಖಕ್ಕೆ, ಕಫೀಲರ ಬಿಳಿ ನಿಲುವಂಗಿ ದಿಶ್ದಾಶಾಕ್ಕೆ, ನನ್ನ ಕೆನ್ನೆಗೆ. ಎಂಥ ಗಬ್ಬುವಾಸನೆ! ಒರೆಸಿಕೊಳ್ಳುವುದನ್ನೂ ಮರೆತು ನಾನು ಕುಣಿದುಬಿಟ್ಟೆ. "ಉಗಿದಳು! ಉಗಿದಳು ಮಾರಾಯ್ರೆ!" ಎಂದು ಕೂಗಿದೆ. ಗಂಡು ಹಿಂದೆ ಸರಿದರೂ ಅವಳು ಬಿಡಲಿಲ್ಲ, ಅಟ್ಟಿಸಿಕೊಂಡು ಹೋಗಿ ಇನ್ನೊಮ್ಮೆ ಉಗಿದಳು. ಕಫೀಲ್ ಹಸಿರಾದ ತಮ್ಮ ತೋಳನ್ನು ನೋಡಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಬ್ರೂಕ್, ಮಬ್ರೂಕ್!" ಎಂದು ಅಭಿನಂದಿಸಿದರು.

ಬಸುರಿ ಎಂದು ಗೊತ್ತಾದ ಮೇಲೆ ಆ ಗೆಳೆಯರಿಗೆ ಆಸೆ ಇನ್ನೂ ಹೆಚ್ಚಿತು. ನಮ್ಮವಳತ್ತ ಕೈ ತೋರಿಸಿ, "ಹಾದಾ ಮಾಲ್ ಮಿನ್?" ಎಂದರು. ಇದು ಯಾರದು ಎಂದು. ಇವರು ಉತ್ತರ ಹೇಳಲು ಬಾಯಿ ತೆರೆದರು. ಕಫೀಲ್ ಕೈ ಅಡ್ಡ ಹಿಡಿದು ತಡೆದರು.

"ಮಾಲ್ ಮದಾಮ್. ಇಸ್ಅಲ್ಹಾ."

ಮೇಡಮ್‌ರದು, ಅವರನ್ನೇ ಕೇಳು ಎಂದು. ಮೂವರು ಗಂಡಸರೂ ನನ್ನ ಕಡೆ ತಿರುಗಿದರು. ಬೇಡ ಎನ್ನಲು ಅರಬ್ಬಿಯಲ್ಲಿ ಒಂದೇ ಅಕ್ಷರ ಸಾಕು.

"ಲಾ," ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ, ಇನ್ನೂ ಎರಡು ಸಲ ಹೇಳಿದೆ.